ಗಿಡವಾಗಿದ್ದಾಗಲೇ ಬಗ್ಗಿಹೋದದ್ದು

ನಮ್ಮ ಮನೆ ನಾಯಿಯ ಹೆಸರು ಬೆಲ್ಲ. ಬಣ್ಣ ನೋಡಿ ಇಟ್ಟ ಹೆಸರು. ಎರಡು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಮಳೆಯ ರಾತ್ರಿ, ನಮ್ಮ ಅಪಾರ್ಟ್‌ಮೆಂಟಿನ ಪಕ್ಕ ಏಳುತ್ತಿದ್ದ ಕಟ್ಟಡದ ಮರಳಿನ ಗುಡ್ಡೆ ಹಿಂದೆ ಸಿಕ್ಕಿದಳು. ಮರುದಿನ ಪಶುವೈದ್ಯರು ಬಾಯಿ ತೆರೆಸಿ ನೋಡಿ, "ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರ್ತಾ ಇದೆ. ನಾಲ್ಕೂವರೆ, ಐದು ತಿಂಗಳು ಇರಬಹುದು" ಅಂದರು.

ಆ ಐದು ತಿಂಗಳಲ್ಲಿ ಅವಳಿಗೆ ಏನೇನಾಯಿತು ಅಂತ ನಮಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಪೊರಕೆ ಎತ್ತಿದರೆ ಮಂಚದ ಕೆಳಗೆ ಓಡುತ್ತಾಳೆ. ಛತ್ರಿ ಬಿಚ್ಚಿದರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾಳೆ. ಉದ್ದನೆಯದೇನನ್ನಾದರೂ ಹಿಡಿದುಕೊಂಡು ಯಾರಾದರೂ ಹತ್ತಿರ ಬಂದರೆ ಬೆನ್ನ ಮೇಲಿನ ಕೂದಲು ನೆಟ್ಟಗಾಗುತ್ತೆ. ಮಿಕ್ಕ ಹೊತ್ತಿನಲ್ಲಿ ಹೆಸರಿಗೆ ತಕ್ಕ ಹಾಗೆ ಇರುತ್ತಾಳೆ. ನಾನು ಮೀಟಿಂಗ್‌ನಲ್ಲಿದ್ದರೆ ಪಾದದ ಮೇಲೆ ತಲೆ ಇಟ್ಟು ಮಲಗುತ್ತಾಳೆ. ಅಂದರೆ ಯಾರೋ ಅವಳಿಗೆ ಕೈಯಿಂದ ಅನ್ನ ಹಾಕಿದ್ದಾರೆ, ಯಾರೋ ಕೋಲು ಎತ್ತಿದ್ದಾರೆ. ಇಬ್ಬರೂ ಒಬ್ಬರೇ ಇದ್ದರೂ ಇರಬಹುದು.

ಕಳೆದ ನವೆಂಬರ್‌ನಲ್ಲಿ ಒಂದು ಭಾನುವಾರ ಮನೆ ಬಾಗಿಲು ತೆರೆದಿತ್ತು. ಕೆಳಗಿನ ಮನೆಯ ಹುಡುಗ, ಐದು ವರ್ಷದವನು, ಚೆಂಡು ಹುಡುಕಿಕೊಂಡು ಒಳಗೆ ಓಡಿ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಬ್ಯಾಟು. ಹಾಲ್‌ನಲ್ಲಿ ಮಲಗಿದ್ದ ಬೆಲ್ಲ ಎದ್ದದ್ದು, ಹಾರಿದ್ದು, ಅವನ ಅಂಗಿಯ ತೋಳು ಹರಿದದ್ದು, ಎಲ್ಲ ಎರಡು ಸೆಕೆಂಡಿನಲ್ಲಿ ಮುಗಿದುಹೋಯಿತು. ಹಲ್ಲು ಚರ್ಮಕ್ಕೆ ತಾಗಿರಲಿಲ್ಲ. ಬೆಲ್ಲಳಿಗೆ ಲಸಿಕೆ ಎಲ್ಲ ಆಗಿತ್ತು. ಆದರೂ ಡಾಕ್ಟರ ಹತ್ತಿರ ಓಡಿದೆವು. ಅವರು ಟಾರ್ಚ್ ಹಾಕಿ ತೋಳೆಲ್ಲ ನೋಡಿ ಏನೂ ಆಗಿಲ್ಲ ಅಂದರು.

ಆಗಿತ್ತು. ಆದರೆ ಅದು ನನಗೆ ಹೊಳೆಯಲು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ನಾನು ಪೂರ್ತಿ ಬೆಲ್ಲಳ ವಕೀಲಿಕೆಯಲ್ಲಿ ಮುಳುಗಿದ್ದೆ.

ವಕೀಲಿಕೆ ಬೇಕೂ ಇತ್ತು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ "ಆ ನಾಯಿ ಸರಿಯಿಲ್ಲ" ಅಂತ ತೀರ್ಪಾಗಿತ್ತು. ಎಲ್ಲಾದರೂ ಬಿಟ್ಟುಬನ್ನಿ ಅಂತ ಸಲಹೆಗಳೂ ಬಂದವು. ಊರಿಂದ ಫೋನ್ ಮಾಡಿದ ಅಮ್ಮ, "ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣೋ" ಅಂದರು. ವಾರ ಬಿಟ್ಟು ಅದೇ ಅಮ್ಮ, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?" ಅಂದರು. ಎರಡೂ ಗಾದೆ ಒಟ್ಟಿಗೆ ನಿಜವಾಗೋದು ಕಷ್ಟ ಅಂತ ಅವರಿಗೆ ಅನ್ನಿಸಿರಲಿಲ್ಲ. ಗುಣ ಹುಟ್ಟಿನಿಂದಲೇ ಬರೋದಾದರೆ ಗಿಡವಾಗಿದ್ದಾಗಲೂ ಬಗ್ಗಬಾರದು. ಗಿಡವಾಗಿದ್ದಾಗ ಬಗ್ಗುತ್ತೆ ಅನ್ನೋದಾದರೆ ಅದು ಹುಟ್ಟುಗುಣ ಅಲ್ಲ. ಇದನ್ನು ಅಮ್ಮನಿಗೆ ಹೇಳಿದೆ. "ನಿನ್ನ ಜೊತೆ ವಾದ ಮಾಡಕ್ಕೆ ನನಗೆ ಟೈಮಿಲ್ಲ" ಅಂದು ಫೋನಿಟ್ಟರು.

ನನ್ನದು ಸಾಫ್ಟ್‌ವೇರ್ ಕೆಲಸ. ಏನಾದರೂ ಕೆಟ್ಟರೆ ಮೊದಲು ಲಾಗ್ ತೆಗೆದು ನೋಡುವುದು ಅಭ್ಯಾಸ. ಬೆಲ್ಲಳ ಮೊದಲ ಐದು ತಿಂಗಳ ಲಾಗ್ ಯಾರ ಹತ್ತಿರವೂ ಇರಲಿಲ್ಲ. ಅದಕ್ಕೇ ರಾತ್ರಿ ಕೂತು ಬೇರೆ ಪ್ರಾಣಿಗಳ ಲಾಗ್ ಓದತೊಡಗಿದೆ.

ಮೊದಲು ಸಿಕ್ಕಿದ್ದು ಬೆಕ್ಕಿನ ಮರಿಗಳು. ಹಾರ್ವರ್ಡ್‌ನಲ್ಲಿದ್ದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1963ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಮರಿಯ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು ಎರಡು ಮೂರು ತಿಂಗಳು ಬಿಟ್ಟರು. ಆಮೇಲೆ ಹೊಲಿಗೆ ಬಿಚ್ಚಿದರು. ಕಣ್ಣು ಚೆನ್ನಾಗಿಯೇ ಇತ್ತು, ಒಳಗಿನ ಅಕ್ಷಿಪಟಲವೂ ಸರಿಯಾಗಿತ್ತು. ಆದರೆ ಮೆದುಳಿನ ದೃಷ್ಟಿಭಾಗದಲ್ಲಿ ಆ ಕಣ್ಣಿನ ಮಾತು ಕೇಳುವ ಜೀವಕೋಶಗಳು ಹೆಚ್ಚುಕಡಿಮೆ ಇರಲೇ ಇಲ್ಲ. ತೆರೆದಿದ್ದ ಕಣ್ಣು ಆ ಜಾಗವನ್ನೂ ಆಕ್ರಮಿಸಿಕೊಂಡಿತ್ತು. ಇದನ್ನೇ ದೊಡ್ಡ ಬೆಕ್ಕಿಗೆ ಮಾಡಿದರೆ ಏನೂ ಆಗುತ್ತಿರಲಿಲ್ಲ. ಹುಟ್ಟಿದ ನಾಲ್ಕನೇ ವಾರದಿಂದ ಸುಮಾರು ಮೂರು ತಿಂಗಳವರೆಗೆ ಮಾತ್ರ ಈ ಅಪಾಯ. ಅದರ ನಡುವೆ ಮೂರು ನಾಲ್ಕು ದಿನ ಕಣ್ಣು ಮುಚ್ಚಿದ್ದರೂ ಸಾಕಾಗುತ್ತಿತ್ತು. 1981ರಲ್ಲಿ ಇವರಿಬ್ಬರಿಗೂ ನೊಬೆಲ್ ಬಂತು.

ಇನ್ನೊಂದು ಪ್ರಯೋಗ ನಾಯಿಗಳದ್ದೇ. ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ ನಡೆದು 1961ರಲ್ಲಿ ಪ್ರಕಟವಾದದ್ದು. ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಸಂಪರ್ಕವೇ ಇಲ್ಲದ ಹಾಗೆ ಮರಿಗಳನ್ನು ಬೆಳೆಸಿದರು. ಕೆಲವನ್ನು ಎರಡನೇ ವಾರಕ್ಕೆ, ಕೆಲವನ್ನು ಮೂರು, ಐದು, ಏಳು, ಒಂಬತ್ತನೇ ವಾರಕ್ಕೆ ಹೊರತಂದು ಒಂದು ವಾರ ಮನುಷ್ಯರ ಜೊತೆ ಇರಿಸಿದರು. ಹದಿನಾಲ್ಕನೇ ವಾರದವರೆಗೆ ಮನುಷ್ಯರನ್ನೇ ಕಾಣದ ಮರಿಗಳು ಆಮೇಲೆ ಕಾಡುಪ್ರಾಣಿಗಳ ಹಾಗೆ ವರ್ತಿಸಿದವು. ಎಷ್ಟು ಮುದ್ದು ಮಾಡಿದರೂ ಹತ್ತಿರ ಬರಲಿಲ್ಲ.

ಹದಿನಾಲ್ಕು ವಾರ ಅಂದರೆ ಮೂರೂ ಕಾಲು ತಿಂಗಳು. ಬೆರಳು ಮಡಚಿ ಲೆಕ್ಕ ಹಾಕಿದೆ. ಬೆಲ್ಲ ನಮಗೆ ಸಿಗುವ ಹೊತ್ತಿಗೆ ಆ ಕಾಲ ದಾಟಿ ಆಗಿತ್ತು.

ಅವತ್ತು ರಾತ್ರಿ ನನಗಾದದ್ದು ಬೇಜಾರಿಗಿಂತ ಹೆಚ್ಚಾಗಿ ನಿರಾಳ ಅಂತ ಒಪ್ಪಿಕೊಳ್ಳಬೇಕು. ಎರಡು ವರ್ಷ ಬಿಸ್ಕೆಟ್ಟು, ಕ್ಲಿಕ್ಕರ್, ಯೂಟ್ಯೂಬ್ ಟ್ರೇನರ್‌ಗಳು ಅಂತ ಒದ್ದಾಡಿ ಸೋತಿದ್ದೆ. ತಪ್ಪು ನನ್ನದಲ್ಲ, ಅವಳದ್ದೂ ಅಲ್ಲ, ಕಾಲ ಮೀರಿಹೋಗಿತ್ತು ಅಷ್ಟೇ ಅಂತ ಸಮಾಧಾನ ಆಯಿತು. ಹಾಗೆ ಬಂದ ಸಮಾಧಾನವನ್ನು ನಂಬಬಾರದು ಅಂತ ಆಮೇಲೆ ಗೊತ್ತಾಯಿತು.

ಓದುತ್ತಾ ಹೋದಂತೆ ನನ್ನ ಯೋಚನೆ ಬದಲಿಸಿದ್ದು ಇಲಿಗಳು. ಕೆನಡಾದ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಎಂಬುವರ ತಂಡ ತಾಯಿ ಇಲಿಗಳನ್ನು ಗಮನಿಸುತ್ತಿತ್ತು. ಕೆಲವು ತಾಯಂದಿರು ಮರಿಗಳನ್ನು ಜಾಸ್ತಿ ನೆಕ್ಕುತ್ತವೆ, ಕೆಲವು ಕಮ್ಮಿ. ಜಾಸ್ತಿ ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಗಾಬರಿಯನ್ನು ಬೇಗ ಇಳಿಸಿಕೊಳ್ಳುತ್ತವೆ. ಕಮ್ಮಿ ನೆಕ್ಕಿಸಿಕೊಂಡವು ಸಣ್ಣದಕ್ಕೂ ಬೆಚ್ಚುತ್ತವೆ, ಬೆಚ್ಚಿದ ಮೇಲೆ ಬೇಗ ತಣ್ಣಗಾಗುವುದಿಲ್ಲ. ಇದು ರಕ್ತದಲ್ಲೇ ಬಂದದ್ದಿರಬಹುದಲ್ಲ ಅಂತ ಅಮ್ಮನಂಥವರು ಕೇಳುತ್ತಾರೆ. ಅದಕ್ಕೇ ಹುಟ್ಟಿದ ಕೂಡಲೇ ಮರಿಗಳನ್ನು ಅದಲುಬದಲು ಮಾಡಿ ನೋಡಿದರು. ಮರಿಗಳು ಹೆತ್ತವಳ ಹಾಗಲ್ಲ, ಸಾಕಿದವಳ ಹಾಗೆ ಬೆಳೆದವು. 2004ರಲ್ಲಿ ಇದೇ ತಂಡ ಇನ್ನೂ ಒಳಗೆ ಹೋಗಿ ತೋರಿಸಿತು: ಜೀವದ ಮೊದಲ ವಾರದಲ್ಲಿ ತಾಯಿಯ ನಾಲಿಗೆ ಎಷ್ಟು ಆಡಿತು ಅನ್ನುವುದರ ಮೇಲೆ, ಒತ್ತಡವನ್ನು ನಿಯಂತ್ರಿಸುವ ಒಂದು ಜೀನ್‌ನ ಮೇಲೆ ರಾಸಾಯನಿಕ ಗುರುತುಗಳು ಹೆಚ್ಚುಕಡಿಮೆಯಾಗುತ್ತವೆ. ಜೀನ್ ಅದೇ ಇರುತ್ತೆ, ಅದರ ದನಿ ಮಾತ್ರ ಏರಿಳಿಯುತ್ತೆ. ಅಮ್ಮನ ಎರಡು ಗಾದೆಗಳೂ ಒಂದೇ ಮನೆಯಲ್ಲಿ ಸಂಸಾರ ಮಾಡುವ ಜಾಗ ಇದು.

ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ ಇದಕ್ಕೂ ಮುಂದಿನದು. ಕಮ್ಮಿ ನೆಕ್ಕಿಸಿಕೊಂಡ ಇಲಿಗಳನ್ನು ಕೆಟ್ಟುಹೋದ ಇಲಿಗಳು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಒತ್ತಡದ ಸ್ಥಿತಿಯಲ್ಲಿ ಭಯದ ಪಾಠವನ್ನು ಅವು ಉಳಿದವಕ್ಕಿಂತ ಚೆನ್ನಾಗಿ ಕಲಿಯುತ್ತವೆ. ತಾಯಿಯೇ ಒತ್ತಡದಲ್ಲಿದ್ದರೆ ಅವಳು ನೆಕ್ಕುವುದೂ ಕಮ್ಮಿಯಾಗುತ್ತೆ. ಅಂದರೆ ಮರಿಗೆ ಆ ನಾಲಿಗೆಯೇ ಹವಾಮಾನ ವರದಿ. ಹೊರಗೆ ಕಾಲ ಸರಿಯಿಲ್ಲ, ಹುಷಾರಾಗಿರು ಅನ್ನುತ್ತೆ. ಮೆದುಳು ಅದಕ್ಕೆ ತಕ್ಕ ಹಾಗೆ ಕಟ್ಟಿಕೊಳ್ಳುತ್ತೆ. ಆಮೇಲೆ ಮರಿಯನ್ನು ತಂದು ಸುರಕ್ಷಿತವಾದ ಪಂಜರದಲ್ಲಿಟ್ಟು, "ಇದ್ಯಾಕೆ ಹೀಗೆ ಬೆಚ್ಚುತ್ತೆ?" ಅಂತ ಕೇಳುವವರು ನಾವು.

ಬೆಲ್ಲಳ ವಿಷಯಕ್ಕೆ ಇದನ್ನು ಹಚ್ಚಿ ನೋಡಿದೆ. ಕಟ್ಟಡ ಕೆಲಸದ ಜಾಗದಲ್ಲಿ ಕೋಲು ಎತ್ತಿದವನನ್ನು ನೋಡಿ ಓಡದ ಮರಿ ಉಳಿಯೋದಿಲ್ಲ. ಓಡಲು ಜಾಗವಿಲ್ಲದಾಗ ಹಲ್ಲು ತೋರಿಸದ ಮರಿಯೂ ಉಳಿಯೋದಿಲ್ಲ. ಐದು ತಿಂಗಳು ಬದುಕು ಅವಳಿಗೆ ಒಂದು ಪ್ರಶ್ನೆ ಕೇಳಿತು, ಅವಳು ಸರಿಯಾದ ಉತ್ತರ ಕಂಡುಕೊಂಡಳು. ಈಗ ಪ್ರಶ್ನೆಪತ್ರಿಕೆ ಬದಲಾಗಿದೆ, ಅವಳು ಅದೇ ಉತ್ತರ ಬರೆಯುತ್ತಿದ್ದಾಳೆ. ಹಳೇ ಪ್ರಶ್ನೆಯನ್ನು ನೋಡದ ನಾವು ಸೊನ್ನೆ ಹಾಕುತ್ತಿದ್ದೇವೆ.

ಈ ಮಾತು ನನಗೆ ಎಷ್ಟು ಇಷ್ಟವಾಯಿತೆಂದರೆ ವಾಟ್ಸಾಪ್ ಗುಂಪಿನಲ್ಲೂ ಹಾಕಿದೆ. ಮೂವರು ಹೆಬ್ಬೆರಳು ಎತ್ತಿದರು. ಕೆಳಗಿನ ಮನೆಯವರು ಏನೂ ಹೇಳಲಿಲ್ಲ.

ಅದೇ ದಿನಗಳಲ್ಲಿ ಆಫೀಸಿನಲ್ಲಿ ಇದನ್ನೆಲ್ಲ ಹೇಳಿಕೊಂಡಾಗ ಒಂದು ವರ್ಷದ ಮಗುವಿರುವ ಗೆಳತಿ ಗಾಬರಿಯಾದಳು. "ಹಾಗಾದ್ರೆ ಮೊದಲ ಮೂರು ವರ್ಷದಲ್ಲಿ ನಾವು ಮಿಸ್ ಮಾಡಿದ್ದೆಲ್ಲ ಹೋಯ್ತಾ? ಫ್ಲ್ಯಾಶ್ ಕಾರ್ಡ್ ಕ್ಲಾಸಿಗೆ ಸೇರಿಸಬೇಕಾ?" ಅಂತ ಕೇಳಿದಳು. ನಮ್ಮ ವಯಸ್ಸಿನ, ನಮ್ಮಂಥ ಕೆಲಸದ ಎಷ್ಟೋ ಅಪ್ಪ ಅಮ್ಮಂದಿರಿಗೆ ಈ ಭಯ ಇದೆ, ಅದನ್ನು ಮಾರಿ ದುಡ್ಡು ಮಾಡುವವರೂ ಇದ್ದಾರೆ. ಅದಕ್ಕೆ ಇಲ್ಲೇ ಸ್ವಲ್ಪ ನಿಂತು ಹೇಳಿಬಿಡುತ್ತೇನೆ.

1940ರ ದಶಕದಲ್ಲಿ ಡೊನಾಲ್ಡ್ ಹೆಬ್ ಅನ್ನುವ ಮನೋವಿಜ್ಞಾನಿ ಕೆಲವು ಇಲಿಮರಿಗಳನ್ನು ಮನೆಗೆ ತಂದು ಮಕ್ಕಳ ಸಾಕುಪ್ರಾಣಿಗಳಾಗಿ ಬೆಳೆಸಿದರು. ಪ್ರಯೋಗಾಲಯದ ಪಂಜರದಲ್ಲಿ ಬೆಳೆದ ಇಲಿಗಳಿಗಿಂತ ಇವು ದಾರಿ ಹುಡುಕುವುದರಲ್ಲಿ ಜಾಣವಾಗಿದ್ದವು. 1960ರ ದಶಕದಲ್ಲಿ ಬರ್ಕ್ಲಿಯಲ್ಲಿ ಮಾರ್ಕ್ ರೋಸೆನ್‌ಜ್ವೈಗ್, ಮರಿಯನ್ ಡೈಮಂಡ್ ಮುಂತಾದವರು ಇದನ್ನು ಅಳೆದು ತೋರಿಸಿದರು. ಸಂಗಾತಿಗಳು, ಏಣಿ, ಚಕ್ರ, ಆಗಾಗ ಬದಲಾಗುವ ಆಟಿಕೆಗಳಿದ್ದ ಪಂಜರದ ಇಲಿಗಳ ಮೆದುಳಿನ ಹೊರಪದರ, ಒಂಟಿ ಪಂಜರದ ಇಲಿಗಳದ್ದಕ್ಕಿಂತ ದಪ್ಪವಾಗಿತ್ತು. ಫ್ಲ್ಯಾಶ್ ಕಾರ್ಡ್ ಮಾರುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಯಾವುದಕ್ಕೆ ಯಾವುದನ್ನು ಹೋಲಿಸಿದ್ದು ಅಂತ ಸ್ವಲ್ಪ ನೋಡಿ. ಒಂದು ಕಡೆ ಬೋಳು ಪಂಜರದಲ್ಲಿ ಒಂಟಿ ಇಲಿ. ಇನ್ನೊಂದು ಕಡೆ ಹತ್ತಲು, ಇಳಿಯಲು, ಜಗಳವಾಡಲು ಜೊತೆಗಾರರಿರುವ ಇಲಿ. ಎರಡನೆಯದು ಐಷಾರಾಮವಲ್ಲ, ಹೊಲಗದ್ದೆಯ ಇಲಿಯ ಸಾಮಾನ್ಯ ಬದುಕು ಅದಕ್ಕಿಂತ ಶ್ರೀಮಂತ. ಪ್ರಯೋಗ ತೋರಿಸಿದ್ದು ಕೊರತೆಯ ಪರಿಣಾಮವನ್ನು, ಹೆಚ್ಚುವರಿಯ ಲಾಭವನ್ನಲ್ಲ. ಮಾತಾಡಿಸುವವರು, ಎತ್ತಿಕೊಳ್ಳುವವರು, ಮಣ್ಣು, ಬೆಳಕು, ಇತರ ಮಕ್ಕಳು ಇದ್ದರೆ ಮೆದುಳು ಕಾಯುತ್ತಿದ್ದ ಬಹುಪಾಲು ಸಿಕ್ಕಿದಂತೆ. ಗೆಳತಿಗೆ ಅಷ್ಟೇ ಹೇಳಿದೆ. ಅಳುತ್ತಿದ್ದ ಮಗುವನ್ನು ಎತ್ತಿಕೊಳ್ಳಲು ಅವಳು ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋಗುವುದು ಯಾವ ಕ್ಲಾಸಿಗಿಂತಲೂ ದೊಡ್ಡದು ಅಂದೆ. "ಅದಕ್ಕೂ ಮ್ಯಾನೇಜರ್ ಒಪ್ಪಬೇಕಲ್ಲ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನನ್ನನ್ನು ಬಹಳ ಕಾಡಿದ ಪ್ರಯೋಗಕ್ಕೆ ಬರುತ್ತೇನೆ. ಅದಕ್ಕೆ ನಮ್ಮ ದೇಶದ ನಂಟೂ ಇದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ ರೀಸಸ್ ಕೋತಿಗಳ ಮೇಲೆ ಕೆಲಸ ಮಾಡುತ್ತಿದ್ದರು. ಆ ಕಾಲದಲ್ಲಿ ಅಮೆರಿಕದ ಪ್ರಯೋಗಾಲಯಗಳಿಗೆ ಈ ಕೋತಿಗಳು ಭಾರತದಿಂದಲೇ ಹೋಗುತ್ತಿದ್ದವು. 1978ರಲ್ಲಿ ನಮ್ಮ ಸರ್ಕಾರ ಈ ರಫ್ತನ್ನು ನಿಲ್ಲಿಸಿತು. ದೂರದ ಪ್ರಯಾಣದಲ್ಲಿ ಬಂದ ಕೋತಿಗಳಿಗೆ ರೋಗ ಹೆಚ್ಚು ಅಂತ ಹಾರ್ಲೋ ತಾವೇ ಮರಿ ಮಾಡಿಸಲು ಶುರುಮಾಡಿದರು. ಸೋಂಕು ತಗಲದಿರಲಿ ಅಂತ ಹುಟ್ಟಿದ ಮರಿಗಳನ್ನು ತಾಯಿಯಿಂದ ಬೇರೆ ಮಾಡಿ ಶುಚಿಯಾಗಿ ಬೆಳೆಸಿದರು. ಮರಿಗಳು ಆರೋಗ್ಯವಾಗಿದ್ದವು, ಆದರೆ ಪಂಜರದಲ್ಲಿ ಹಾಸಿದ್ದ ಬಟ್ಟೆಯನ್ನು ಬಿಡುತ್ತಿರಲಿಲ್ಲ. ತೊಳೆಯಲು ತೆಗೆದರೆ ಕಿರುಚುತ್ತಿದ್ದವು. ಅಲ್ಲಿಂದ ಹುಟ್ಟಿದ್ದು 1958ರಲ್ಲಿ ಅವರು ಪ್ರಕಟಿಸಿದ ಹೆಸರಾಂತ ಪ್ರಯೋಗ: ಹಾಲು ಕೊಡುವ ತಂತಿಯ ತಾಯಿ ಒಂದು, ಹಾಲಿಲ್ಲದ ಬಟ್ಟೆಯ ತಾಯಿ ಒಂದು. ಮರಿಗಳು ಹಾಲು ಕುಡಿಯುವಷ್ಟು ಹೊತ್ತು ತಂತಿಯ ಹತ್ತಿರ ಹೋಗಿ, ಉಳಿದ ಹೊತ್ತೆಲ್ಲ ಬಟ್ಟೆಯನ್ನು ಅಪ್ಪಿಕೊಂಡಿದ್ದವು. ಮಕ್ಕಳನ್ನು ಹೆಚ್ಚು ಮುದ್ದು ಮಾಡಿದರೆ ಹಾಳಾಗುತ್ತಾರೆ ಅಂತ ತಜ್ಞರೇ ಹೇಳುತ್ತಿದ್ದ ಕಾಲದಲ್ಲಿ ಇದೊಂದು ದೊಡ್ಡ ಮಾತಾಗಿತ್ತು.

ಆಮೇಲಿನದು ಕತ್ತಲೆ. ಮರಿಗಳನ್ನು ಹುಟ್ಟಿನಿಂದ ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ ಪೂರ್ತಿ ಒಂಟಿಯಾಗಿ ಇಟ್ಟರು. ಹೊರಬಂದ ಮರಿಗಳು ತಮ್ಮನ್ನೇ ಅಪ್ಪಿಕೊಂಡು ತೂಗಾಡುತ್ತಿದ್ದವು, ತಮ್ಮ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದವು. ತಾಯಿಯಿಲ್ಲದೆ ಬೆಳೆದ ಹೆಣ್ಣುಗಳು ತಾವೇ ತಾಯಿಯಾದಾಗ ಅನೇಕವು ಮರಿಯನ್ನು ಹತ್ತಿರ ಸೇರಿಸಲಿಲ್ಲ, ಕೆಲವು ಮರಿಗಳನ್ನು ಹಿಂಸಿಸಿದವು. ಯಾರೋ ಒಬ್ಬರು ಕಸಿದುಕೊಂಡದ್ದು ಮುಂದಿನ ತಲೆಮಾರಿನ ಮೈಮೇಲೆ ಬಂತು. ಬೆಕ್ಕಿನ ಮರಿಗಳ ವಿಷಯದಲ್ಲಿ ನನಗೆ ತಕ್ಷಣ ತೀರ್ಪು ಕೊಡಲು ಆಗುವುದಿಲ್ಲ. ಹುಟ್ಟಿನಿಂದಲೇ ಕಣ್ಣಿನ ಪೊರೆ ಇರುವ ಮಗುವಿಗೆ ತಡ ಮಾಡದೆ ಆಪರೇಷನ್ ಮಾಡಬೇಕು ಅನ್ನುವ ತಿಳಿವಳಿಕೆ ಗಟ್ಟಿಯಾಗಲು ಆ ಮರಿಗಳು ಕಾರಣ. ಎಷ್ಟೋ ಮಕ್ಕಳು ಅದರಿಂದ ನೋಡುತ್ತಿದ್ದಾರೆ. ಆದರೆ ಒಂದು ವರ್ಷ ಒಂಟಿಯಾಗಿಟ್ಟರೆ ಜೀವ ಮುರಿಯುತ್ತೆ ಅನ್ನುವುದು ಆರು ತಿಂಗಳಿನವುಗಳನ್ನು ನೋಡಿದಾಗಲೇ ಗೊತ್ತಿತ್ತು. ಗೊತ್ತಿದ್ದೂ ಮುಂದುವರಿದದ್ದನ್ನು ಜ್ಞಾನ ಅನ್ನಲು ನನ್ನ ಬಾಯಿ ಏಳುವುದಿಲ್ಲ. ಎರಡೂ ಕಡೆಯ ಪಾಠವನ್ನು ಸೋಫಾ ಮೇಲೆ ಕೂತು ಪುಕ್ಕಟೆ ಓದಿದವನು ನಾನು. ಕನಿಷ್ಠ ಪಕ್ಷ ಅದನ್ನು ಓದಿ ಬರೀ ನನ್ನ ವಾದಕ್ಕೆ ಬಳಸಿಕೊಂಡರೆ ಸಾಲ ಇನ್ನೂ ಬೆಳೆಯುತ್ತೆ ಅನ್ನಿಸಿತು.

ಹಾರ್ಲೋ ಕಥೆಗೆ ಇನ್ನೊಂದು ತುದಿ ಇದೆ. 1970ರ ದಶಕದ ಶುರುವಿನಲ್ಲಿ ಅವರು ಮತ್ತು ಸ್ಟೀಫನ್ ಸುವೋಮಿ, ಆರು ತಿಂಗಳು ಒಂಟಿಯಾಗಿದ್ದ ಕೋತಿಗಳ ಜೊತೆ ಮೂರು ತಿಂಗಳ ಸಾಮಾನ್ಯ ಮರಿಗಳನ್ನು ಬಿಟ್ಟರು. ಸಮವಯಸ್ಕರನ್ನು ಬಿಟ್ಟಿದ್ದಾಗ ಅವು ಈ ಒಂಟಿಗಳ ಮೇಲೆ ಬೀಳುತ್ತಿದ್ದವು. ಚಿಕ್ಕ ಮರಿಗಳು ಹಾಗೆ ಮಾಡಲಿಲ್ಲ. ಮೂಲೆಯಲ್ಲಿ ತೂಗಾಡುತ್ತಿದ್ದ ದೊಡ್ಡದನ್ನು ಹೋಗಿ ಅಪ್ಪಿಕೊಂಡವು, ಅಷ್ಟೇ. ಆ ವಯಸ್ಸಿನಲ್ಲಿ ಅವಕ್ಕೆ ಗೊತ್ತಿದ್ದದ್ದೇ ಅದು. ಕೆಲವು ತಿಂಗಳಲ್ಲಿ ಒಂಟಿ ಕೋತಿಗಳು ಬಹುಮಟ್ಟಿಗೆ ಚೇತರಿಸಿಕೊಂಡವು. ಕಾಲ ಮೀರಿದೆ ಅಂತ ಬರೆದಿಟ್ಟಿದ್ದ ಜೀವಗಳು ಅವು.

ಇದೇ ಥರದ ಸುದ್ದಿ ಮನುಷ್ಯರಿಂದಲೂ ಬಂದಿದೆ. ಎಂಐಟಿಯ ಪವನ್ ಸಿನ್ಹಾ ಶುರುಮಾಡಿದ ಪ್ರಾಜೆಕ್ಟ್ ಪ್ರಕಾಶ್, ಹುಟ್ಟಿನಿಂದ ಪೊರೆ ಬಂದು ಕುರುಡಾಗಿದ್ದ ಭಾರತದ ಮಕ್ಕಳಿಗೆ ತಡವಾಗಿಯಾದರೂ ಶಸ್ತ್ರಚಿಕಿತ್ಸೆ ಮಾಡಿಸಿತು. ಹ್ಯೂಬೆಲ್ ವೀಸೆಲ್ ಲೆಕ್ಕದಲ್ಲಿ ಈ ಮಕ್ಕಳಿಗೆ ಬಾಗಿಲು ಮುಚ್ಚಿ ವರ್ಷಗಳಾಗಿದ್ದವು. ದೃಷ್ಟಿ ಪೂರ್ತಿ ಸ್ಪಷ್ಟವಾಗಲಿಲ್ಲ, ಮಸುಕು ಉಳಿಯಿತು. ಆದರೆ ಕೈಯಲ್ಲಿ ಮುಟ್ಟಿ ತಿಳಿದಿದ್ದ ಆಕಾರವನ್ನು ಕಣ್ಣಿನಲ್ಲಿ ಗುರುತಿಸಲು ಮೊದಲ ದಿನ ಆಗದಿದ್ದ ಮಕ್ಕಳು ಕೆಲವೇ ದಿನಗಳಲ್ಲಿ ಗುರುತಿಸತೊಡಗಿದರು. ಇನ್ನೊಂದು ಕಡೆ, ನಮ್ಮ ಬೆಂಗಳೂರಿನದೇ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ತಂಡ ಕಂಡದ್ದೂ ನೆನಪಿರಬೇಕು. ಅದು ಮರಿಗಳ ಮೇಲಲ್ಲ, ಬೆಳೆದ ಇಲಿಗಳ ಮೇಲಿನ ಕೆಲಸ. ಹತ್ತು ದಿನ ಒತ್ತಡ ಕೊಟ್ಟಾಗ ನೆನಪಿಗೆ ಸಂಬಂಧಿಸಿದ ಭಾಗದ ನರಕೋಶಗಳ ಕವಲುಗಳು ಕುಗ್ಗಿದವು, ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಭಾಗದಲ್ಲಿ ಕವಲುಗಳು ಬೆಳೆದವು. ಮೂರು ವಾರ ವಿಶ್ರಾಂತಿ ಕೊಟ್ಟ ಮೇಲೆ ಕುಗ್ಗಿದ್ದು ಮರಳಿತು, ಬೆಳೆದಿದ್ದ ಭಯ ಹಾಗೇ ಇತ್ತು. ಬಾಗಿಲು ಪೂರ್ತಿ ಮುಚ್ಚುವುದೂ ಇಲ್ಲ, ಪೂರ್ತಿ ತೆರೆದಿರುವುದೂ ಇಲ್ಲ. "ಇನ್ನೇನೂ ಆಗಲ್ಲ" ಅನ್ನುವುದು ಸುಳ್ಳು, "ಎಲ್ಲ ಸರಿಹೋಗುತ್ತೆ" ಅನ್ನುವುದೂ ಸುಳ್ಳು. ನನಗೆ ನಿರಾಳ ಕೊಟ್ಟಿದ್ದು ಮೊದಲನೆಯ ಸುಳ್ಳು.

ಡಿಸೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಸ್ಕೂಲ್ ವ್ಯಾನಿನ ಹತ್ತಿರ ಕೆಳಗಿನ ಮನೆ ಹುಡುಗನನ್ನು ನೋಡಿದೆ. ಬೆಲ್ಲ ನನ್ನ ಜೊತೆ ಇರಲಿಲ್ಲ. ರಸ್ತೆಯ ಆಚೆ, ಚಳಿಗೆ ಮುದುಡಿಕೊಂಡು ಒಂದು ಮುದಿ ಬೀದಿನಾಯಿ ಮಲಗಿತ್ತು. ಹುಡುಗ ಅಮ್ಮನ ಸೊಂಟ ಹತ್ತಿ ಕುತ್ತಿಗೆ ಬಿಗಿದು ಹಿಡಿದುಕೊಂಡಿದ್ದ. ಮುಖವನ್ನು ಅಮ್ಮನ ಭುಜಕ್ಕೆ ಒತ್ತಿಕೊಂಡಿದ್ದ, ಒಂದೇ ಒಂದು ಕಣ್ಣು ಆಚೆ, ನಾಯಿಯ ಮೇಲೆ. ಮಲಗಿದ ನಾಯಿಯ ಕಿವಿ ಅಲುಗಿತು, ಅವನ ಮೈಯೆಲ್ಲ ಬೆಚ್ಚಿತು. ಛತ್ರಿ ಬಿಚ್ಚಿದಾಗ ಬೆಲ್ಲ ಬೆಚ್ಚುವುದು ಹಾಗೆಯೇ. "ಒಂದು ತಿಂಗಳಾಯ್ತು, ಕೆಳಗೆ ಆಡೋಕೇ ಇಳೀತಿಲ್ಲ" ಅಂದರು ಅವರಮ್ಮ. ದನಿಯಲ್ಲಿ ಜಗಳ ಇರಲಿಲ್ಲ.

ನಾನು ಅಷ್ಟು ರಾತ್ರಿ ಎಳೆಯ ಮೆದುಳುಗಳ ಬಗ್ಗೆ ಓದಿದ್ದೆ. ಬೆಕ್ಕಿನದು, ಇಲಿಯದು, ಕೋತಿಯದು, ನಾಯಿಯದು. ನಮ್ಮ ಮಹಡಿಯ ಕೆಳಗೇ ಒಂದು ಐದು ವರ್ಷದ ಮೆದುಳು, ನನ್ನ ಮನೆಯ ಹಾಲ್‌ನಲ್ಲಿ ಕಲಿತ ಪಾಠವನ್ನು ಇಡೀ ನಾಯಿಕುಲಕ್ಕೆ ಅನ್ವಯಿಸಿಕೊಂಡು ಕೂತಿತ್ತು. ಅದು ನನ್ನ ಓದಿನೊಳಗೆ ಬಂದೇ ಇರಲಿಲ್ಲ. ಕಟ್ಟಡದ ಜಾಗದಲ್ಲಿ ಕೋಲು ಎತ್ತಿದ ಆ ಅಪರಿಚಿತನ ಬಗ್ಗೆ ಎರಡು ವರ್ಷ ಸಿಟ್ಟು ಮಾಡಿಕೊಂಡಿದ್ದೆ. ಈ ಹುಡುಗನ ಕಥೆಯಲ್ಲಿ ಆ ಅಪರಿಚಿತ ನಾನೇ. ಬಾಗಿಲು ತೆರೆದಿಟ್ಟಿದ್ದವನು ನಾನು. ಉದ್ದನೆಯ ವಸ್ತು ಕಂಡರೆ ಬೆಲ್ಲ ಏನು ಮಾಡುತ್ತಾಳೆ ಅಂತ ಗೊತ್ತಿದ್ದವನೂ ನಾನು.

ಬಾಲ್ಯ ತಿಳಿದರೆ ಕ್ಷಮಿಸುವುದು ಸುಲಭವಾಗುತ್ತೆ ಅಂತ ನಾವು ಅಂದುಕೊಂಡಿದ್ದೇವೆ. ಬೆಲ್ಲಳ ಮಟ್ಟಿಗೆ ಅದು ನಿಜ, ಅವಳ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆದರೆ ಅವಳ ತಪ್ಪಲ್ಲ ಅಂದ ಕೂಡಲೇ ಹೊಣೆ ಮಾಯವಾಗುವುದಿಲ್ಲ. ಅವಳ ಹಿಂದಿನದನ್ನು ಬಲ್ಲವರ ಕೈಗೆ ಅದು ಬರುತ್ತೆ. ಅವಳ ಭಯ ನನಗೆ ಎಷ್ಟು ಚೆನ್ನಾಗಿ ಗೊತ್ತೋ ಅದು ಇನ್ನೊಬ್ಬರಿಗೆ ದಾಟದಂತೆ ನೋಡಿಕೊಳ್ಳುವ ಕೆಲಸ ನನ್ನ ಮೇಲೆ ಅಷ್ಟೇ ಹೆಚ್ಚು. ಇದು ನಾಯಿಗಷ್ಟೇ ಅಲ್ಲ ಅನ್ನಿಸುತ್ತೆ. "ನಾನು ಬೆಳೆದದ್ದೇ ಹೀಗೆ" ಅನ್ನುವ ಮಾತನ್ನು ಆಫೀಸಿನಲ್ಲಿ, ಮನೆಯಲ್ಲಿ ನಾವೆಲ್ಲ ಆಡುತ್ತೇವೆ. ಅದು ನಿಜವೂ ಇರಬಹುದು. ಆದರೆ ನಾಯಿಗಿಲ್ಲದ ಒಂದು ಸವಲತ್ತು ನಮಗಿದೆ: ನಮ್ಮ ಲಾಗ್ ಸ್ವಲ್ಪವಾದರೂ ನಮಗೇ ಓದಲು ಬರುತ್ತೆ.

ಬೆಲ್ಲಳನ್ನು ಎಲ್ಲೂ ಬಿಡಲಿಲ್ಲ. ಬಾಗಿಲಿಗೆ ಒಳಗಡೆ ಇನ್ನೊಂದು ಗೇಟು ಹಾಕಿಸಿದೆ. ಲಿಫ್ಟು, ಮೆಟ್ಟಿಲು, ಕಾರಿಡಾರಿನಲ್ಲಿ ಅವಳಿಗೆ ಬಾಯಿಪಟ್ಟಿ. ಅವಳಿಗೆ ಅದು ಇಷ್ಟವಿಲ್ಲ, ನನಗೂ ಇಲ್ಲ, ಆದರೂ ಹಾಕುತ್ತೇನೆ. ಸರಿ ಮಾಡುವ ಹಟ ಬಿಟ್ಟು, ಅವಳ ಭಯಕ್ಕೂ ಬೇರೆಯವರ ಮೈಗೂ ನಡುವೆ ಜಾಗ ಇರುವ ಹಾಗೆ ದಿನ ಜೋಡಿಸುತ್ತಿದ್ದೇನೆ. ಆಮೇಲೆ ಕೆಳಗಿನ ಮನೆಗೆ ಹೋದೆ. ಘಟನೆಯ ದಿನ ದೊಡ್ಡವರು ದೊಡ್ಡವರ ಹತ್ತಿರ ಸಾರಿ ಕೇಳಿದ್ದೆವು. ಹುಡುಗನ ಹತ್ತಿರ ಯಾರೂ ಕೇಳಿರಲಿಲ್ಲ. ನೆಲದ ಮೇಲೆ ಕೂತು ಅವನ ಹತ್ತಿರ ಕೇಳಿದೆ. ಅವನು ಉತ್ತರ ಕೊಡಲಿಲ್ಲ, ತನ್ನ ಹೊಸ ಅಂಗಿಯ ತೋಳು ತೋರಿಸಿದ.

ಫೆಬ್ರವರಿಯಿಂದ, ಅವರಮ್ಮ ಒಪ್ಪಿದ ಮೇಲೆ, ಭಾನುವಾರ ಹತ್ತು ನಿಮಿಷ ಅವನು ನಮ್ಮ ಮಹಡಿಗೆ ಬರುತ್ತಾನೆ. ಬ್ಯಾಟು ಕೆಳಗೆ ಬಿಟ್ಟು ಬರುತ್ತಾನೆ. ಕಾರಿಡಾರಿನ ಕೊನೆಯಲ್ಲಿ ಅಮ್ಮನ ಕೈ ಹಿಡಿದು ನಿಂತು, ಗೇಟಿನ ಕಡೆಗೆ ಮಾರಿ ಬಿಸ್ಕೆಟ್ ಎಸೆಯುತ್ತಾನೆ. ಬೆಲ್ಲ ಅವನು ಬೆನ್ನು ತಿರುಗಿಸುವವರೆಗೆ ಕಾದು ತಿನ್ನುತ್ತಾಳೆ. ಮೊದಲ ವಾರ ಹದಿನಾರು ಟೈಲ್ಸ್ ದೂರ ಇತ್ತು, ಈಗ ಹನ್ನೊಂದು. ಎಣಿಸುವವನು ಅವನೇ. ಗೆಳೆತನ ಅಂತೇನೂ ಆಗಿಲ್ಲ, ಆಗದೆಯೂ ಇರಬಹುದು. ಬೀದಿನಾಯಿ ಕಂಡರೆ ಈಗಲೂ ಅಮ್ಮನ ಸೊಂಟ ಹತ್ತುತ್ತಾನೆ.

ಹೋದ ವಾರ ಬಿಸ್ಕೆಟ್ ಖಾಲಿಯಾದ ಮೇಲೆ, "ಅದು ಚಿಕ್ಕದಿದ್ದಾಗ ಯಾರು ಹೊಡೆದ್ರು?" ಅಂತ ಕೇಳಿದ. ಗೊತ್ತಿಲ್ಲ ಕಣೋ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅದಕ್ಕೂ ಗೊತ್ತಿಲ್ವಾ?" ಅಂದ. ಅದಕ್ಕೆ ಗೊತ್ತು, ಹೇಳಕ್ಕೆ ಬರಲ್ಲ ಅಂದೆ. ಅವನು ತಲೆಯಾಡಿಸಿ, ಗೇಟಿನ ಕಡೆ ಇನ್ನೊಂದು ಸಲ ನೋಡಿ, ಅಮ್ಮನ ಜೊತೆ ಮೆಟ್ಟಿಲಿಳಿದು ಹೋದ.